ಎಪ್ಪತ್ತು ಕಿಲೋಮೀಟರಿನ ಲೆಕ್ಕ

ತುಮಕೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡವರನ್ನು ಈ ಊರನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದರೆ ಬಹುತೇಕರ ಉತ್ತರ ಒಂದೇ: ಬೆಂಗಳೂರಿಗೆ ಹತ್ತಿರ. ನಾವೂ ಅದೇ ಉತ್ತರ ಕೊಡುತ್ತಿದ್ದವರು. ನಾನು ರೈಲಿನ ಪಾಸು ಮಾಡಿಸಿಕೊಂಡು ಬೆಳಗಿನ ಗಾಡಿಯಲ್ಲಿ ಯಶವಂತಪುರಕ್ಕೆ ಹೋಗಿ ಬರುತ್ತಿದ್ದ ವರ್ಷಗಳಲ್ಲಿ ಆ ಉತ್ತರಕ್ಕೆ ಅರ್ಥವೂ ಇತ್ತು. ಈಗ ನನ್ನ ಕೆಲಸ ಹೆಚ್ಚುಕಡಿಮೆ ಪೂರ್ತಿಯಾಗಿ ಮನೆಯಿಂದಲೇ ನಡೆಯುತ್ತದೆ. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿರುವ ನನ್ನ ಹೆಂಡತಿಗೆ ಬಡ್ತಿಯ ಜೊತೆಗೆ ವರ್ಗಾವಣೆ ಬರುವುದು ಖಚಿತವಾಗಿದೆ, ಮತ್ತು ಯಾವ ಊರು ಬೇಕೆಂದು ಮುಂಚಿತವಾಗಿ ಬರೆದುಕೊಡುವ ಅವಕಾಶ ಆಕೆಗಿದೆ. ಬರೆದುಕೊಟ್ಟಿದ್ದೇ ಸಿಗುತ್ತದೆ ಎಂದೇನಿಲ್ಲ. ಆದರೂ ಬರೆಯುವಾಗ ಮನೆಯವರೆಲ್ಲ ಕುಳಿತು ಯೋಚಿಸಬೇಕಾಗುತ್ತದೆ. ಹಾಗಾಗಿ ಕೆಲವು ತಿಂಗಳಿಂದ ನಮ್ಮ ಮನೆಯಲ್ಲಿ ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ದಾವಣಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು ತೂಗುವ ಕೆಲಸ ನಡೆಯುತ್ತಿದೆ.

ಮೊದಲು ನಾವು ಕೈಗೆತ್ತಿಕೊಂಡದ್ದು ಎಲ್ಲರಂತೆ ಪಟ್ಟಿಗಳನ್ನೇ. ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ಸುಲಲಿತ ಬದುಕಿನ ಸೂಚ್ಯಂಕದಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಪೈಕಿ ದಾವಣಗೆರೆಗೆ ಒಂಬತ್ತನೇ ಸ್ಥಾನ ಸಿಕ್ಕಿತ್ತು. ಮೊದಲ ಸ್ಥಾನ ಶಿಮ್ಲಾದ್ದು. ಶಿಮ್ಲಾಕ್ಕೂ ದಾವಣಗೆರೆಗೂ ಒಂದೇ ಅಳತೆಗೋಲು ಹಿಡಿದವರ ಧೈರ್ಯವನ್ನು ಮೆಚ್ಚಬೇಕು. ಅಂಥ ಪಟ್ಟಿಗಳು ನಗರಪಾಲಿಕೆಗಳನ್ನು ತಮ್ಮತಮ್ಮಲ್ಲಿ ಪೈಪೋಟಿಗೆ ಇಳಿಸುವುದಕ್ಕೆ ಸರಿ, ಮನೆ ಬದಲಾಯಿಸುವವರಿಗೆ ಅವುಗಳಿಂದ ಹೆಚ್ಚು ಉಪಯೋಗವಿಲ್ಲ. ನಮಗೆ ಬೇಕಾದದ್ದು ನಲ್ಲಿಗೆ ಬರುವ ನೀರು, ರಾತ್ರಿ ಹೊತ್ತಿನ ವೈದ್ಯರು, ಮಗಳ ಶಾಲೆ, ಅಮ್ಮನಿಗೆ ಮಾತಿಗೆ ಸಿಗುವ ನೆರೆಹೊರೆ. ಇವುಗಳನ್ನು ಒಂದೊಂದು ಊರಿಗೂ ಹಿಡಿದು ನೋಡುತ್ತ ಹೋದಂತೆ, ನಾವು ನಿರೀಕ್ಷಿಸಿರದ ಒಂದು ಸಂಗತಿ ಮತ್ತೆ ಮತ್ತೆ ಅಡ್ಡ ಬರತೊಡಗಿತು: ಬೆಂಗಳೂರಿನಿಂದ ದೂರವಿರುವ ಊರುಗಳೇ ತಮ್ಮಷ್ಟಕ್ಕೆ ತಾವು ಹೆಚ್ಚು ತುಂಬಿಕೊಂಡಿವೆ.

ಇದು ಬರಿಯ ಅನಿಸಿಕೆಯಲ್ಲ, ಇಸವಿಗಳನ್ನು ನೋಡಿದರೂ ಕಾಣುತ್ತದೆ. ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದಲ್ಲಿ ನೆಲೆಗೊಂಡದ್ದು ಸ್ವಾತಂತ್ರ್ಯ ಬಂದ ಎರಡು ಮೂರು ವರ್ಷಗಳಲ್ಲೇ. ಮಂಗಳೂರಿಗೂ ಗುಲಬರ್ಗಾಕ್ಕೂ 1980ರಲ್ಲಿ ವಿಶ್ವವಿದ್ಯಾಲಯಗಳು ಬಂದವು, ಶಿವಮೊಗ್ಗ ಜಿಲ್ಲೆಗೆ 1987ರಲ್ಲಿ. ತುಮಕೂರಿನ ಪದವಿ ಕಾಲೇಜುಗಳು ಮಾತ್ರ 2004ರವರೆಗೂ ಬೆಂಗಳೂರು ವಿಶ್ವವಿದ್ಯಾಲಯದ ಅಧೀನದಲ್ಲೇ ಇದ್ದವು. ಅಂಕಪಟ್ಟಿಯಲ್ಲೊಂದು ಅಕ್ಷರ ತಪ್ಪಿದ್ದರೆ ಬಸ್ಸು ಹತ್ತಿ ಜ್ಞಾನಭಾರತಿಗೆ ಹೋಗಬೇಕಿತ್ತು. ನಮ್ಮಂತೆಯೇ ರಾಜಧಾನಿಯ ಮಗ್ಗುಲಲ್ಲಿರುವ ಕೋಲಾರದ ಕತೆ ಇನ್ನೂ ಸೊಗಸಾಗಿದೆ: 2017ರಲ್ಲಿ ಅಲ್ಲಿಗೆ ವಿಶ್ವವಿದ್ಯಾಲಯ ಬಂದಾಗಲೂ ಅದಕ್ಕೆ ಇಟ್ಟ ಹೆಸರು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ವೈದ್ಯಕೀಯ ಕಾಲೇಜುಗಳದ್ದೂ ಇದೇ ಕ್ರಮ. ಹುಬ್ಬಳ್ಳಿಯಲ್ಲಿ 1957, ಕಲಬುರಗಿಯಲ್ಲಿ 1963, ದಾವಣಗೆರೆಯಲ್ಲಿ 1965. ತುಮಕೂರಿಗೆ ಮೊದಲ ವೈದ್ಯಕೀಯ ಕಾಲೇಜು ಬಂದದ್ದು 1988ರಲ್ಲಿ. ದಾವಣಗೆರೆಯವರು ಮಾಡಿಕೊಂಡಿದ್ದನ್ನು ತುಮಕೂರಿನವರು ಮಾಡಿಕೊಳ್ಳಲಾರದವರೇನಲ್ಲ. 1963ರಷ್ಟು ಹಿಂದೆಯೇ ಸಿದ್ಧಗಂಗಾ ಮಠ ಎಂಜಿನಿಯರಿಂಗ್ ಕಾಲೇಜು ಕಟ್ಟಿ ತೋರಿಸಿದ ಊರಿದು. ಆದರೆ ಬೆಂಗಳೂರು ಇಷ್ಟು ಹತ್ತಿರದಲ್ಲಿರುವಾಗ ಇಲ್ಲಿಗೊಂದು ಬೇಕೆಂದು ಹಟ ಹಿಡಿಯುವವರು ಕಡಿಮೆ, ಕೊಡುವವರು ಇನ್ನೂ ಕಡಿಮೆ.

ಈ ಹತ್ತಿರದ ಬೆಲೆ ಸಾಮಾನ್ಯ ದಿನಗಳಲ್ಲಿ ತಿಳಿಯುವುದಿಲ್ಲ. ಮದುವೆಯ ಸೀರೆಗೆ ಚಿಕ್ಕಪೇಟೆಗೆ ಹೋಗುವುದು, ವಿಮಾನಕ್ಕೆ ದೇವನಹಳ್ಳಿಗೆ ಹೋಗುವುದು ಯಾರಿಗೂ ಕಷ್ಟವೆನಿಸದು. ಒಂದು ರಾತ್ರಿ ಅಮ್ಮನಿಗೆ ಎದೆ ಹಿಡಿದಂತಾಗಿ ಹತ್ತಿರದ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಇಸಿಜಿ ತೆಗೆದ ಡ್ಯೂಟಿ ಡಾಕ್ಟರು ಕಾಗದದ ಸುರುಳಿಯನ್ನು ಒಮ್ಮೆ ನೋಡಿ, "ಇಲ್ಲಿ ಇಟ್ಕೊಳೋದು ಬೇಡ ಸಾರ್, ಬೆಂಗಳೂರಿಗೆ ಕರ್ಕೊಂಡು ಹೋಗ್ಬಿಡಿ, ಈ ಹೊತ್ತಲ್ಲಿ ರೋಡು ಖಾಲಿ ಇರುತ್ತೆ" ಎಂದರು. ಹೊರಗೆ ಆಂಬುಲೆನ್ಸ್ ಚಾಲಕ ಆಗಲೇ ಗಾಡಿ ತಿರುಗಿಸಿ ನಿಲ್ಲಿಸಿಕೊಂಡಿದ್ದ. ಯಾವ ಊರಿಗೆ ಎಂದು ಅವನು ಕೇಳಲೇ ಇಲ್ಲ, ಬೆಂಗಳೂರಿನಲ್ಲಿ ಯಾವ ಆಸ್ಪತ್ರೆ ಎಂದಷ್ಟೇ ಕೇಳಿದ. ಕ್ಯಾತ್ಸಂದ್ರದ ಟೋಲ್ ದಾಟಿ ಗೊರಗುಂಟೆಪಾಳ್ಯ ಮುಟ್ಟುವುದು ನಿಜಕ್ಕೂ ಬೇಗ ಆಯಿತು. ಜಯದೇವ ಹೃದ್ರೋಗ ಸಂಸ್ಥೆ ಇರುವುದು ನಗರದ ಆಚೆ ಬದಿಯಲ್ಲಿ, ಅಲ್ಲಿಗೆ ತಲುಪಲು ಇಡೀ ಬೆಂಗಳೂರನ್ನು ಹಾಯಬೇಕು. ಅದು ಹೃದಯಾಘಾತವಲ್ಲವೆಂದು ಬೆಳಗಿನ ಜಾವದಲ್ಲಿ ಗೊತ್ತಾಗಿ ನಾವು ಉಸಿರು ಬಿಟ್ಟೆವು. ಅದೇ ಜಯದೇವದ ಶಾಖೆಗಳು ಮೈಸೂರಿನಲ್ಲೂ ಕಲಬುರಗಿಯಲ್ಲೂ ಇವೆ. ತುಮಕೂರಿನಲ್ಲಿ ಏಕಿಲ್ಲ ಎಂದು ಯಾರನ್ನು ಕೇಳಿದರೂ ಸಿಗುವ ಉತ್ತರ, ಬೆಂಗಳೂರೇ ಹತ್ತಿರದಲ್ಲಿದೆಯಲ್ಲ ಎಂಬುದು.

ಮೈಸೂರು ಈ ಲೆಕ್ಕಕ್ಕೆ ಅಪವಾದದಂತೆ ಕಾಣುತ್ತದೆ. ಸುಮಾರು 145 ಕಿಲೋಮೀಟರ್ ದೂರವೆಂದರೆ ಬಹಳ ದೂರವೇನಲ್ಲ, ಆದರೂ ಅಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಕಾರಣ ಸ್ಪಷ್ಟವಾಗಿಯೇ ಇದೆ: 1831ರಲ್ಲಿ ಆಡಳಿತ ಬೆಂಗಳೂರಿಗೆ ಹೋದ ಮೇಲೂ ಅರಮನೆ ಮೈಸೂರಿನಲ್ಲೇ ಉಳಿಯಿತು, ಮತ್ತು ಅರಮನೆಯ ಊರಿಗೆ ಬೇಕಾದದ್ದೆಲ್ಲ ಅಲ್ಲೇ ಬೆಳೆಯಿತು. ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯೊಂದನ್ನು 1903ರಲ್ಲೇ ಮಾಡಿ ಬೀದಿ, ಚರಂಡಿ, ಬಡಾವಣೆಗಳನ್ನು ಲೆಕ್ಕಹಾಕಿ ಹಾಕಿದ ಊರು ಅದು. ಒಂಟಿಕೊಪ್ಪಲಿನ ಅಡ್ಡರಸ್ತೆಗಳಲ್ಲಿ ಸುಮ್ಮನೆ ನಡೆದಾಡಿದರೂ ಆ ಲೆಕ್ಕ ತಿಳಿಯುತ್ತದೆ. ವಿಶ್ವವಿದ್ಯಾಲಯ 1916ರದ್ದು. ಕಾವೇರಿ ಪಕ್ಕದಲ್ಲೇ ಹರಿಯುತ್ತಾಳೆ. ಹವೆ ಹೆಚ್ಚುಕಡಿಮೆ ನಮ್ಮದೇ. ಅಮ್ಮನ ತೀರ್ಮಾನ ಮೊದಲ ದಿನವೇ ಆಗಿಹೋಗಿತ್ತು: "ಮೈಸೂರಾದ್ರೆ ಬರ್ತೀನಪ್ಪ. ಬೇರೆ ಎಲ್ಲಾದ್ರೂ ಹೋಗೋದಾದ್ರೆ ನನ್ನ ಇಲ್ಲೇ ಬಿಟ್ಟೋಗು, ಪಕ್ಕದ್ಮನೆಯೋರು ನೋಡ್ಕೋತಾರೆ."

ನನಗೆ ಅನುಮಾನ ಹುಟ್ಟಿದ್ದು ಬೇರೆ ಕಡೆಯಿಂದ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಆ ದೂರ ಕಿಲೋಮೀಟರಿನಲ್ಲಿ ಹಾಗೆಯೇ ಇದ್ದರೂ ಗಂಟೆಯಲ್ಲಿ ಅರ್ಧಕ್ಕೆ ಇಳಿದಿದೆ. ವಾರಾಂತ್ಯದ ಕಾರುಗಳು, ಹೂಡಿಕೆಗೆಂದು ನಿವೇಶನ ಕೊಳ್ಳುವವರು, ಬೆಂಗಳೂರಿನ ಸಂಬಳ ಹಿಡಿದು ಬಾಡಿಗೆ ಮನೆ ಹುಡುಕುವವರು, ಎಲ್ಲರೂ ಅದೇ ರಸ್ತೆಯಲ್ಲಿ ಬರುತ್ತಾರೆ. ಆ ಕೊನೆಯ ಗುಂಪಿಗೆ ನಾನೂ ಸೇರಿದವನಾದ್ದರಿಂದ ದೂರುವ ಹಕ್ಕು ನನಗಿಲ್ಲ. ವಿಜಯನಗರದ ನಾಲ್ಕನೇ ಹಂತದಲ್ಲಿ ನಾವು ನೋಡಿದ ಬಾಡಿಗೆ ಮನೆಯ ಮಾಲೀಕರು ನಮ್ಮ ಕೆಲಸವೇನೆಂದು ಕೇಳಿ, ನಾನು ಬೆಂಗಳೂರಿನ ಕಂಪನಿಯ ಹೆಸರು ಹೇಳಿದ ಮೇಲೆ ಬಾಡಿಗೆಯ ಅಂಕಿ ಹೇಳಿದರು. ಮುಂಗಡವನ್ನೂ ಬೆಂಗಳೂರಿನ ಲೆಕ್ಕದಲ್ಲೇ ಕೇಳಿದರು. ಮೈಸೂರಿಗೆ ಅದರದೇ ಗಟ್ಟಿ ಬುಡವಿದೆ, ಅದು ಇನ್ನೊಂದು ತುಮಕೂರು ಆಗಲಾರದು. ಆದರೆ ನಾವು ಯಾವುದರಿಂದ ದೂರ ಹೋಗಬೇಕೆಂದು ಹೊರಟಿದ್ದೇವೆಯೋ ಅದೇ ಎಕ್ಸ್‌ಪ್ರೆಸ್‌ವೇ ಹಿಡಿದು ಹಿಂದೆಯೇ ಬರುತ್ತಿದೆ.

ಹುಬ್ಬಳ್ಳಿ-ಧಾರವಾಡದ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ನಮ್ಮ ಕಡೆಯವರು ಅದನ್ನು ಸರಿಯಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಪರಿಚಯಸ್ಥರಿಗೆ ಆ ಹೆಸರು ಹೇಳಿದ ಕೂಡಲೇ ಬಿಸಿಲು, ಖಾರ ಎನ್ನುವ ಎರಡು ಮಾತು ಬರುತ್ತವೆ. ಧಾರವಾಡ ಮಲೆನಾಡಿನ ಅಂಚಿನಲ್ಲಿ, ಎತ್ತರದಲ್ಲಿರುವ ಊರು. ಜೂನ್ ಬಂದರೆ ತುಮಕೂರಿಗಿಂತ ತಂಪು. 1962ರಲ್ಲಿ ಎರಡೂ ಊರುಗಳನ್ನು ಸೇರಿಸಿ ಒಂದೇ ಪಾಲಿಕೆ ಮಾಡಿದರು, 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.4 ಲಕ್ಷ, ಅಂದರೆ ಆಗಿನ ತುಮಕೂರು ನಗರದ ಮೂರು ಪಟ್ಟು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ಹೈಕೋರ್ಟಿನ ಪೀಠ ಧಾರವಾಡದಲ್ಲಿದೆ, ಐಐಟಿ 2016ರಲ್ಲಿ ಬಂತು. ಬೆಂಗಳೂರು ನಾನೂರು ಕಿಲೋಮೀಟರಿಗಿಂತ ಆಚೆ ಇರುವುದರಿಂದ ಇವನ್ನೆಲ್ಲ ಆ ಭಾಗದವರು ಕೇಳಿ, ಚಳವಳಿ ಮಾಡಿ ಪಡೆದುಕೊಂಡರು. ಎರಡು ಊರುಗಳ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸು 2018ರಿಂದ ಇದೆ. ಪಥದ ಹೊರಗೆ ಸಿಕ್ಕಿಬಿದ್ದ ಕಾರಿನವರು ಅದನ್ನು ಬೈಯುವುದನ್ನೂ, ಒಳಗೆ ಕುಳಿತವರು ಹೊಗಳುವುದನ್ನೂ ಒಂದೇ ದಿನ ಕೇಳಿದ್ದೇನೆ. ಹುಬ್ಬಳ್ಳಿಯ ಶಾಖೆಗೆ ಕೆಲಸಕ್ಕೆ ಹೋಗಿ ಧಾರವಾಡದಲ್ಲಿ ಮನೆ ಮಾಡುವುದು ಅದರಿಂದಾಗಿ ಸುಲಭ.

ತೊಂದರೆ ಇರುವುದು ನೀರಿನಲ್ಲಿ ಮತ್ತು ಮಣ್ಣಿನಲ್ಲಿ. ಅವಳಿ ನಗರಕ್ಕೆ ಮುಖ್ಯವಾಗಿ ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ನೀರು ಬರುತ್ತದೆ. ವಿಶ್ವಬ್ಯಾಂಕಿನ ನೆರವಿನಿಂದ 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು, ಅದು ಗೆದ್ದಿತು, ದೇಶವೆಲ್ಲ ಬಂದು ನೋಡಿ ಹೋಯಿತು. ಉಳಿದ ವಾರ್ಡುಗಳಿಗೆ ಅದನ್ನು ವಿಸ್ತರಿಸುವ ಕೆಲಸ ಮಾತ್ರ ಎಳೆದುಕೊಂಡು ಬಂದಿದೆ, ಎಷ್ಟೋ ಕಡೆ ನಾಲ್ಕೈದು ದಿನಕ್ಕೊಮ್ಮೆ, ಕೆಲವೆಡೆ ವಾರಕ್ಕೊಮ್ಮೆ ನೀರು ಬಿಡುತ್ತಾರೆ. ಹೀಗಾಗಿ ಆ ಊರಿನಲ್ಲಿ ಮನೆ ಹುಡುಕುವವನು ಬಡಾವಣೆ ಯಾವುದೆಂದು ಕೇಳುವ ಬದಲು ಪೈಪು ಯಾವುದೆಂದು ಕೇಳಬೇಕು. ಹೆಂಡತಿಯ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದಾಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀರು ಬಂದ ತಾರೀಖುಗಳಿಗೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿದ್ದು ಕಂಡಿತು. ಹಾಲಿನವನದ್ದೂ ಅದೇ ಕ್ಯಾಲೆಂಡರು. ಅವನ ಲೆಕ್ಕಕ್ಕೆ ಅಡ್ಡಗೀಟು, ನೀರಿಗೆ ಸುತ್ತು. ಆ ಮನೆಯ ಹಿರಿಯರು ನಮ್ಮನ್ನು ಹಿತ್ತಲಿಗೆ ಕರೆದೊಯ್ದು ನೆಲದೊಳಗಿನ ಟಾಕಿಯ ಮುಚ್ಚಳ ತೆಗೆದು ತೋರಿಸಿ, "ನೀರು ಯಾವಾಗ ಬರ್ತಾವ ಅಂತ ಕೇಳಬ್ಯಾಡ್ರಿ, ಬಂದಾಗ ಎಷ್ಟು ಹಿಡಿದಿಡಾಕ ಜಾಗಾ ಐತಿ ಅಂತ ಕೇಳ್ರಿ" ಎಂದರು. ಮನೆ ನೋಡಲು ಬಂದವರಿಗೆ ಯಾವ ದಲ್ಲಾಳಿಯೂ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ.

ಮಣ್ಣಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ತುಮಕೂರಿನಲ್ಲಿ ಕೆಂಪು ಮಣ್ಣು, ಆರೇಳು ಅಡಿ ಅಗೆದರೆ ಎಷ್ಟೋ ಕಡೆ ಗಟ್ಟಿ ನೆಲ, ಅದರ ಮೇಲೆ ಸೈಜುಗಲ್ಲಿನ ಪಾಯ ಹಾಕಿದರೆ ಮನೆ ಕದಲುವುದಿಲ್ಲ. ಹುಬ್ಬಳ್ಳಿಯ ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಪಾಯ ಹಾಕಿದವರು ಎಚ್ಚರ ತಪ್ಪಿದರೆ ಗೋಡೆ ಬಿರಿಯುತ್ತದೆ, ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ. ನಾವು ನೋಡಿದ ಒಂದು ಮನೆಯ ಕಾಂಪೌಂಡಿನ ಬಿರುಕಿನಲ್ಲಿ ಎರಡು ರೂಪಾಯಿಯ ನಾಣ್ಯ ನಿಲ್ಲುತ್ತಿತ್ತು. ಒಳಗಿನ ಗೋಡೆಗೆ ಹೊಸದಾಗಿ ಬಣ್ಣ ಹೊಡೆದಿದ್ದರು. ಧಾರವಾಡದ ಪಶ್ಚಿಮದ ಬಡಾವಣೆಗಳಲ್ಲಿ ಕೆಂಪು ಮಣ್ಣೇ ಸಿಗುತ್ತದೆ. ಬಾಡಿಗೆಗೆ ಇರುವವರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ, ಕೊಳ್ಳುವವರಿಗೆ ಇದೇ ಮೊದಲ ವಿಷಯ.

ಆದರೆ ತುಮಕೂರಿನಲ್ಲಿ ಕುಳಿತು ಬೇರೆ ಊರಿನ ನೀರನ್ನು ಆಡಿಕೊಳ್ಳುವುದು ನ್ಯಾಯವಲ್ಲ. ನಮಗೂ ನೀರು ಬರುವುದು ಹಾಸನ ಜಿಲ್ಲೆಯ ಗೊರೂರಿನಿಂದ, ಹೇಮಾವತಿ ನಾಲೆಯಲ್ಲಿ. ನಾಲೆಗೆ ಬಿಟ್ಟ ನೀರು ಬುಗುಡನಹಳ್ಳಿ ಕೆರೆಗೆ ತುಂಬಿದರೆ ಊರಿಗೆ ಆ ವರ್ಷದ ಆಧಾರ. ಮಳೆ ಕೈಕೊಟ್ಟ ವರ್ಷ ಕೊಳವೆಬಾವಿಯೇ ಗತಿ, ಆ ನೀರಿನ ಗಡಸುತನ ಗೀಸರಿನ ಕಾಯಿಲ್ ಮೇಲೂ ಬಕೆಟ್ಟಿನ ಅಂಚಿನಲ್ಲೂ ಬಿಳಿಯಾಗಿ ಕೂರುತ್ತದೆ. ಕುಡಿಯುವ ನೀರಿಗೆ ಕ್ಯಾನು ಹಿಡಿದು ಶುದ್ಧ ನೀರಿನ ಘಟಕಕ್ಕೆ ಹೋಗಿ ನಾಣ್ಯ ಹಾಕುವುದು ನಮ್ಮ ಬಡಾವಣೆಯಲ್ಲಿ ಸಂಜೆಯ ವಾಡಿಕೆ.

ಮಂಗಳೂರನ್ನು ಹೆಂಡತಿ ಇಷ್ಟಪಟ್ಟಳು, ನಾನು ಒಪ್ಪಲಿಲ್ಲ. ಬ್ಯಾಂಕಿನವರಿಗೆ ಅದು ತವರಿದ್ದಂತೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳೆಲ್ಲ ಹುಟ್ಟಿದ್ದು ಆಗಿನ ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಆಸ್ಪತ್ರೆ, ಶಾಲೆ, ಬಂದರು, ವಿಮಾನ ನಿಲ್ದಾಣ ಎಲ್ಲವೂ ಇದ್ದು, ಘಟ್ಟದ ಆಚೆಯ ರಾಜಧಾನಿಯನ್ನು ದಿನನಿತ್ಯಕ್ಕೆ ನೆನೆಯದ ಊರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ನಮ್ಮಲ್ಲಿ ಅದರ ಐದರಲ್ಲೊಂದು ಪಾಲು ಬಂದರೆ ಒಳ್ಳೆಯ ವರ್ಷ. ಅಷ್ಟು ಮಳೆಯ ಊರಿನಲ್ಲೂ 2019ರ ಬೇಸಿಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟೆ ಬತ್ತುತ್ತ ಬಂದು ಸರದಿಯಲ್ಲಿ ನೀರು ಬಿಡಬೇಕಾಯಿತು. ನನ್ನನ್ನು ಹಿಂದೇಟು ಹಾಕಿಸಿದ್ದು ಘಟ್ಟ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿಯ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ರೈಲು ಹಳಿಯೂ ಒಟ್ಟಿಗೆ ಮುಚ್ಚಿದವು. ಇತ್ತ ನಮ್ಮ ಬಂಧುಬಳಗವೆಲ್ಲ ಗುಬ್ಬಿ, ತಿಪಟೂರು, ಶಿರಾಗಳಲ್ಲಿರುವಾಗ ಮಳೆಗಾಲದಲ್ಲಿ ಸಾವು ನೋವಿನ ಸುದ್ದಿ ಬಂದರೆ ಹೊರಡುವುದು ಹೇಗೆ? ಸೆಕೆಯ ವಿಷಯ ಬೇರೆ. ಸುಮಾರು 800 ಮೀಟರ್ ಎತ್ತರದಲ್ಲಿ ಬದುಕಿದ ಅಮ್ಮನಿಗೆ ಏಪ್ರಿಲ್ ತಿಂಗಳ ಕರಾವಳಿ ಆಗಿಬರುವುದಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ದಾವಣಗೆರೆ ಅಗ್ಗ, ಸಮತಟ್ಟು, ಆಸ್ಪತ್ರೆಗಳಿಂದ ತುಂಬಿದ ಊರು; ಹತ್ತಿ ಗಿರಣಿಗಳು ಮುಚ್ಚಿದ ಮೇಲೆ ಕಾಲೇಜುಗಳೇ ಅದನ್ನು ಎತ್ತಿ ನಿಲ್ಲಿಸಿದವು. ಬೆಣ್ಣೆ ದೋಸೆಯನ್ನು ಕಾರಣವೆಂದು ಬರೆಯಬೇಕೆಂದು ಮಗಳು ಒತ್ತಾಯಿಸಿದ್ದಾಳೆ. ಶಿವಮೊಗ್ಗ ನನಗೆ ಇಷ್ಟ, ತುಂಗೆ ಊರೊಳಗೇ ಹರಿಯುತ್ತಾಳೆ, 2023ರಿಂದ ವಿಮಾನ ನಿಲ್ದಾಣವೂ ಇದೆ. ಹೆಂಡತಿಯ ದರ್ಜೆಯ ಹುದ್ದೆ ಅಲ್ಲಿ ಖಾಲಿಯಾಗುವುದು ಅಪರೂಪ. ಬೆಳಗಾವಿಯ ಹವೆಗೆ ಸಾಟಿಯಿಲ್ಲ, ಆದರೆ ಅಲ್ಲಿನ ಅರ್ಧ ಬಜಾರಿನಲ್ಲಿ ಅಮ್ಮ ಮರಾಠಿ ಕಲಿಯಬೇಕಾಗುತ್ತದೆ. ಕಲಬುರಗಿಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಮತ್ತು 371(ಜೆ) ಕಲಮಿನ ಶಿಕ್ಷಣ–ಉದ್ಯೋಗ ಮೀಸಲಾತಿ ಆ ಭಾಗದವರಿಗಾಗಿ, ಸರಿಯಾಗಿಯೇ, ಮಾಡಿದ್ದಾದ್ದರಿಂದ ಹೊಸದಾಗಿ ಹೋಗಿ ನೆಲೆಸಿದ ನಮ್ಮ ಮಗಳಿಗೆ ಸೀಟಿನ ಲೆಕ್ಕದಲ್ಲಿ ಅದು ಒದಗುವುದಿಲ್ಲ.

ಇಷ್ಟೆಲ್ಲ ಓಡಾಡಿದ ಮೇಲೆ ತುಮಕೂರಿನಲ್ಲೇ ಉಳಿದುಬಿಡೋಣ ಎಂಬ ಮಾತೂ ಬಂತು. ಇಲ್ಲಿ ಕೆಲಸಗಳು ಬರುತ್ತಿಲ್ಲವೆಂದಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ದೊಡ್ಡದಾಗುತ್ತಿದೆ, ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಶುರುವಾಯಿತು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗ ಹಾಕುತ್ತಿದ್ದಾರೆ. ಆದರೆ ಮಂಡಿಪೇಟೆಯಲ್ಲಿ ಕುಳಿತ ವ್ಯಾಪಾರಿಯಿಂದ ಹಿಡಿದು ನಿವೇಶನದ ದಲ್ಲಾಳಿಯವರೆಗೆ ಎಲ್ಲರೂ ಎದುರು ನೋಡುತ್ತಿರುವುದು ಬೇರೆಯದನ್ನೇ. ನಮ್ಮ ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರಕ್ಕೆ ಬಂತು, ಅದು ತುಮಕೂರಿಗೆ ಯಾವಾಗ ಬರುತ್ತದೆ ಎಂಬುದು ಈಗ ಚಹಾದಂಗಡಿಯ ಪ್ರಶ್ನೆ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು, ನಮ್ಮ ಜಿಲ್ಲೆಗೂ ಬೆಂಗಳೂರಿನ ಹೆಸರು ಬಂದರೆ ಒಳ್ಳೆಯದೆಂಬ ಮಾತು ಇಲ್ಲೂ ಎದ್ದಿತು. ಇಲ್ಲಿನ ಬಹುಪಾಲು ಜನರಿಗೆ ಅದರಿಂದ ಲಾಭವಾಗಬಹುದು, ನಿವೇಶನವಿರುವ ನಮಗೂ ಆಗುತ್ತದೆ. ವಾಸಕ್ಕೆ ಊರು ಹುಡುಕುವವನಿಗೆ ಮಾತ್ರ ಅದು ಉಳಿದುಕೊಳ್ಳುವ ಕಾರಣವಾಗಿ ಕಾಣಲಿಲ್ಲ.

ಕೊನೆಗೆ ಅರ್ಜಿಯಲ್ಲಿ ಮೊದಲನೆಯದಾಗಿ ಹುಬ್ಬಳ್ಳಿ-ಧಾರವಾಡ, ಎರಡನೆಯದಾಗಿ ಮೈಸೂರು ಎಂದು ಬರೆದುಕೊಟ್ಟಿದ್ದೇವೆ. ಅಮ್ಮನಿಗೆ ಇದು ಅಸಮಾಧಾನ, ಆದರೆ ಹೃದ್ರೋಗದ ಡಾಕ್ಟರು ಅರ್ಧ ಗಂಟೆಯೊಳಗೆ ಸಿಗುತ್ತಾರೆ ಎಂಬ ಮಾತಿಗೆ ಆಕೆ ಎದುರಾಡಲಿಲ್ಲ. ಧಾರವಾಡದಲ್ಲಿ ಸದ್ಯ ಬಾಡಿಗೆಗೇ ಇರುವುದು, ಮನೆಯನ್ನು ಮೇ ತಿಂಗಳಲ್ಲೇ ನೋಡುವುದು, ಟಾಕಿ ಎಷ್ಟು ಲೀಟರಿನದೆಂದು ಕೇಳುವುದು, ಇಲ್ಲಿಯ ಮನೆಯನ್ನು ಮಾರದೆ ಬಾಡಿಗೆಗೆ ಕೊಡುವುದು ಎಂದು ಮಾತಾಗಿದೆ. ಮಗಳು ಹತ್ತನೇ ತರಗತಿಯಲ್ಲಿರುವಾಗ ಆದೇಶ ಬಂದರೆ ಹೆಂಡತಿ ಮೊದಲು ಹೋಗುತ್ತಾಳೆ, ನಾವು ಮೂವರು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿಕೊಂಡು ಹೊರಡುತ್ತೇವೆ. ಹುಬ್ಬಳ್ಳಿಯ ಹಳಿ ತುಮಕೂರಿನ ಮೇಲೆಯೇ ಹಾದುಹೋಗುವುದರಿಂದ ಅಲ್ಲಿಯವರೆಗೆ ಶನಿವಾರ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ, ಬೆಂಗಳೂರಿನ ಕಡೆ ತಲೆ ಹಾಕದೆಯೇ ಬೆಳಗಾಗುವಷ್ಟರಲ್ಲಿ ಧಾರವಾಡದಲ್ಲಿ ಇಳಿಯಬಹುದು.